ಒಂದು ಔಷಧಿ ಚೀಟಿಯ ಚರಿತ್ರೆ

ಪಟಾನ್‌ಚೆರುವಿನಲ್ಲಿರುವ ನಮ್ಮ ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲ ಮೇಲೆ ಎರಡು ವರ್ಷಗಳಿಂದ ಒಂದು ಚೀಟಿ ಅಂಟಿಕೊಂಡಿದೆ. ಮೊದಲು ಅಲ್ಲಿ ಮಗಳ ಶಾಲೆಯ ವೇಳಾಪಟ್ಟಿ ಇರುತ್ತಿತ್ತು. ಈಗ ಅಕ್ಕನ ದುಂಡಗಿನ ಅಕ್ಷರಗಳಲ್ಲಿ ಏಳು ಸಾಲುಗಳಿವೆ. ಬೆಳಗ್ಗೆ ಥಯಮಿನ್, ತಿಂಡಿಯ ಮೇಲೆ ಮಲ್ಟಿವಿಟಮಿನ್, ಮಧ್ಯಾಹ್ನ ಕಬ್ಬಿಣದ ಮಾತ್ರೆ, ಸಂಜೆ ಮತ್ತು ರಾತ್ರಿ ಕ್ಯಾಲ್ಸಿಯಂ, ವಾರಕ್ಕೊಮ್ಮೆ ವಿಟಮಿನ್ ಡಿ, ತಿಂಗಳಿಗೊಮ್ಮೆ ಬಿ12 ಇಂಜೆಕ್ಷನ್, ದಿನಕ್ಕೆ ಕಡಿಮೆಯೆಂದರೆ 60 ಗ್ರಾಂ ಪ್ರೋಟೀನ್. ಅಡಿಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಎಚ್ಚರಿಕೆ: ಕಬ್ಬಿಣ, ಕ್ಯಾಲ್ಸಿಯಂ ಕೂಡಿ ಬೇಡ, ಎರಡು ತಾಸು ಬಿಡಬೇಕು. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಮ್ಮ ಭಾವನವರು ಬದುಕಿರುವಷ್ಟು ಕಾಲ ಪಾಲಿಸಬೇಕಾದ ಚೀಟಿ ಇದು.

ನಾವು ವಿಜ್ಞಾನ ಓದಿದವರಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ ಕೇಂದ್ರ ಸರ್ಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವರು. ಆದರೆ ಯಾವುದೇ ಕಾಗದ ಕಂಡರೂ ಅದರ ಹಿಂದಿನ ಪತ್ರವ್ಯವಹಾರವೇನು ಎಂದು ಹುಡುಕುವ ಚಟ ಕಚೇರಿಯಿಂದಲೇ ಬಂದಿದೆ. ಆ ಚಟಕ್ಕೆ ಬಿದ್ದು ಈ ಚೀಟಿಯ ಒಂದೊಂದೇ ಸಾಲನ್ನು ಹಿಂದಕ್ಕೆ ಜಾಡು ಹಿಡಿದು ಹೋದಾಗ ಕಂಡದ್ದು ವಿಚಿತ್ರವಾಗಿತ್ತು. ಹೆಚ್ಚುಕಡಿಮೆ ಪ್ರತಿ ಸಾಲಿನ ಹಿಂದೆಯೂ ಒಂದೊಂದು ರೋಗವಿದೆ. ಆ ರೋಗಗಳಲ್ಲಿ ಬಹುಪಾಲು ಒಂದು ಕಾಲಕ್ಕೆ ಕೂಲಿಗಳಿಗೆ, ಕೈದಿಗಳಿಗೆ, ಗಿರಣಿ ಕಾರ್ಮಿಕರ ಹೆಂಡಿರಿಗೆ, ಬರದ ನಾಡಿನ ರೈತರಿಗೆ ಬರುತ್ತಿದ್ದವು. ಉಂಡು ತುಂಬಿದ ಮನೆಗೆ ಅವು ಆಪರೇಷನ್ ಥಿಯೇಟರಿನ ಬಾಗಿಲಿನಿಂದ ಮರಳಿ ಬಂದಿವೆ. ಅವುಗಳ ಗುಟ್ಟು ಬಯಲಾದ ಕತೆಯ ದೊಡ್ಡ ಭಾಗ ನಡೆದದ್ದು ದೂರದ ಯೂರೋಪಿನಲ್ಲಲ್ಲ, ಕೂನೂರಿನಲ್ಲಿ ಮತ್ತು ನಾವು ಹೊಟ್ಟೆ ಹೊರೆಯಲು ಬಂದು ನೆಲೆಸಿದ ಈ ಹೈದರಾಬಾದಿನಲ್ಲಿ.

ಮೊದಲು ಶಸ್ತ್ರಚಿಕಿತ್ಸೆಯ ಮಾತು. ಹೊಟ್ಟೆ ಕೊಯ್ದು ತೂಕ ಇಳಿಸಬಹುದೆಂಬುದು ಹೊಸ ವಿಚಾರವೇನಲ್ಲ. 1954ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ಅವರ ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಳಸುದಾರಿಗೆ ಹಾಕುವ ಕ್ರಮವನ್ನು ವರದಿ ಮಾಡಿದರು. ಉಂಡ ಅನ್ನ ಮೈಗೆ ಹತ್ತದೆ ಹಾಗೆಯೇ ಹೊರಟುಹೋಗುವ ಏರ್ಪಾಡು ಅದು. ತೂಕವೇನೋ ಇಳಿಯಿತು. ಜೊತೆಗೆ ಯಕೃತ್ತು ಕೆಟ್ಟಿತು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟಿತು, ವಿಟಮಿನ್ನುಗಳೆಲ್ಲ ಸೋರಿಹೋದವು. ಹತ್ತಾರು ವರ್ಷ ನಡೆದ ಮೇಲೆ ವೈದ್ಯಲೋಕವೇ ಅದನ್ನು ಕೈಬಿಟ್ಟಿತು. ಅಷ್ಟರಲ್ಲಿ ಅಯೋವ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಇನ್ನೊಂದನ್ನು ಗಮನಿಸಿದ್ದರು. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡ ಹೆಂಗಸರು ಬೇಡವೆಂದರೂ ತೆಳ್ಳಗಾಗುತ್ತಿದ್ದರು. 1966ರಲ್ಲಿ ಮೇಸನ್ ಮತ್ತು ಇಟೊ ಗ್ಯಾಸ್ಟ್ರಿಕ್ ಬೈಪಾಸ್ ಆರಂಭಿಸಿದ್ದು ಹೀಗೆ. ಇಂದು ನಮ್ಮ ಊರುಗಳಲ್ಲಿ ಸಣ್ಣ ರಂಧ್ರಗಳ ಮೂಲಕ ನಡೆಯುವ ಬೈಪಾಸ್ ಇದರದೇ ಪಳೆಯುಳಿಕೆ ಎನ್ನಬಾರದು, ಮೊಮ್ಮಗ ಎನ್ನಬೇಕು. ಜಠರದ ತುದಿಯಲ್ಲಿ ಒಂದು ಪುಟ್ಟ ಚೀಲವನ್ನಷ್ಟೇ ಉಳಿಸಿ, ಅದನ್ನು ಕರುಳಿನ ಕೆಳಭಾಗಕ್ಕೆ ಜೋಡಿಸುತ್ತಾರೆ. ಉಳಿದ ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗ ಮೈಯಲ್ಲೇ ಇದ್ದರೂ ಅನ್ನ ಆ ದಾರಿಯಲ್ಲಿ ಹಾಯುವುದಿಲ್ಲ.

ಭಾವನವರದು 128 ಕಿಲೋ ತೂಕ. ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ಉಸಿರು ಕಟ್ಟುವುದು. ಬೀದರ್ ಕಡೆಯಿಂದ ಬಂದು ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ಪಾಳಿ ಲೆಕ್ಕದಲ್ಲಿ ದುಡಿದ ಮೈ ಅದು. ಊಟಕ್ಕೂ ನಿದ್ದೆಗೂ ಹೊತ್ತೆಂಬುದೇ ಇರಲಿಲ್ಲ. ಬೈಪಾಸ್ ಆಯಿತು, ವಾರದೊಳಗೆ ಮನೆಗೂ ಬಂದರು. ಮೂರನೆಯ ವಾರದಿಂದ ವಾಂತಿ ಶುರುವಾಯಿತು. ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ವಾಂತಿ ನಿಲ್ಲದಿದ್ದರೆ ತಕ್ಷಣ ಕರೆ ಮಾಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ನಾವು ಯಾರೂ ಅದನ್ನು ಲಕ್ಷ್ಯಕ್ಕೆ ತರಲಿಲ್ಲ. ಹೊಟ್ಟೆ ಕೊಯ್ದ ಮೇಲೆ ಇಷ್ಟೂ ಆಗದಿದ್ದೀತೇ ಎಂದುಕೊಂಡೆವು. ಮಾತ್ರೆ ನುಂಗಿದರೆ ಹೊರಬರುತ್ತದೆಂದು ಮಾತ್ರೆ ನಿಲ್ಲಿಸಿದೆವು. ಬಲ ಬರಲೆಂದು ಸಣ್ಣಕ್ಕಿಯ ಗಂಜಿಯ ತಿಳಿ ಕೊಟ್ಟೆವು, ಗ್ಲೂಕೋಸ್ ಪುಡಿ ಕದಡಿದ ನೀರು ಕೊಟ್ಟೆವು. ಹದಿನೈದು ದಿನ ಹೀಗೆ ಕಳೆಯಿತು. ಒಂದು ಬೆಳಗ್ಗೆ ಅಕ್ಕ ಫೋನು ಮಾಡಿದಳು: “ತಮ್ಮಾ, ಇವರಿಗೆ ಒಂದಿದ್ದದ್ದು ಎರಡಾಗಿ ಕಾಣ್ಲಿಕ್ಕತ್ತದಂತ ನೋಡೋ. ಗ್ವಾಡಿ ಹಿಡಕೊಂಡು ನಡೀಲಿಕ್ಕತ್ತಾರ.”

ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಇದ್ದದ್ದು ಒಬ್ಬ ಎಳೆಯ ವೈದ್ಯೆ. ಎಷ್ಟು ದಿನದಿಂದ ವಾಂತಿ ಎಂದು ಕೇಳಿದರು. ಏನು ಕೊಟ್ಟಿರಿ ಎಂದು ಕೇಳಿದರು. ನಾವು ಗಂಜಿ, ಗ್ಲೂಕೋಸ್ ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು. ಅವರು ಸ್ಕ್ಯಾನಿಗೂ ಕಾಯದೆ ಮೊದಲು ರಕ್ತನಾಳಕ್ಕೆ ಥಯಮಿನ್ ಹಾಕಿಸಿದರು. ಆಮೇಲೆ ನಮ್ಮ ಕಡೆಗೆ ತಿರುಗಿ, ಇದು ಬೆರಿಬೆರಿಯ ಜಾತಿಯ ಕಾಯಿಲೆ, ಮಿದುಳಿಗೆ ತಟ್ಟಿದೆ, ಇನ್ನೆರಡು ದಿನ ತಡವಾಗಿದ್ದರೆ ನೆನಪೂ ಹೋಗುತ್ತಿತ್ತು ಎಂದರು. ಬೆರಿಬೆರಿ! ಶಾಲೆಯ ಪಾಠದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿರದ ಹೆಸರು.

ಬೆರಿಬೆರಿಯ ಕತೆ ಅಕ್ಕಿಯ ಕತೆ. 1880ರ ದಶಕದಲ್ಲಿ ಜಪಾನಿನ ನೌಕಾಪಡೆಗೆ ಶತ್ರುವಿಗಿಂತ ಈ ರೋಗದ ಭಯವೇ ಹೆಚ್ಚಾಗಿತ್ತು. ರ್ಯುಜೊ ಎಂಬ ಹಡಗಿನ ಒಂದೇ ದೀರ್ಘಯಾನದಲ್ಲಿ 169 ಮಂದಿ ಬೆರಿಬೆರಿಯಿಂದ ಮಲಗಿದರು, 25 ಮಂದಿ ಸತ್ತರು. ನೌಕಾ ವೈದ್ಯ ತಕಾಕಿ ಕನೆಹಿರೊ ಛಲ ಹಿಡಿದು 1884ರಲ್ಲಿ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳಿಸಿದ. ಬದಲಾದದ್ದು ಊಟ ಮಾತ್ರ. ಬರಿಯ ಬಿಳಿ ಅನ್ನದ ಬದಲು ಮಾಂಸ, ಹಾಲು, ಗೋಧಿ, ಕಾಳು. ಆ ಯಾನದಲ್ಲಿ ಒಬ್ಬರೂ ಸಾಯಲಿಲ್ಲ. ಏಕೆಂಬುದು ತಕಾಕಿಗೂ ಸರಿಯಾಗಿ ತಿಳಿಯಲಿಲ್ಲ. ತಿಳಿಯುವ ದಾರಿ ತೆರೆದದ್ದು ಜಾವಾದಲ್ಲಿ, ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ ಸಾಕಿದ್ದ ಕೋಳಿಗಳಿಂದ. ಮಿಲಿಟರಿ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನ ತಿಂದ ಕೋಳಿಗಳು ಕಾಲು ಸ್ವಾಧೀನ ತಪ್ಪಿ ಬಿದ್ದವು. ಸ್ವಲ್ಪ ಕಾಲಕ್ಕೆ ಅಡುಗೆಯವನು ಬದಲಾದ. ಹೊಸಬನು ಮಿಲಿಟರಿಯ ಅನ್ನವನ್ನು ಸಿವಿಲ್ ಕೋಳಿಗಳಿಗೆ ಕೊಡಲಾಗದೆಂದು ಹಟ ಹಿಡಿದ. ಕೋಳಿಗಳಿಗೆ ಅಗ್ಗದ, ಪಾಲಿಶ್ ಮಾಡದ ಅಕ್ಕಿ ಬಂತು. ಕೋಳಿಗಳು ಎದ್ದು ಓಡಾಡಿದವು. ನಿಯಮಕ್ಕೆ ಜೋತುಬಿದ್ದ ಒಬ್ಬ ಸರ್ಕಾರಿ ನೌಕರನಿಂದ ವಿಜ್ಞಾನಕ್ಕೆ ಇಷ್ಟು ದೊಡ್ಡ ಉಪಕಾರ ಬೇರೆಲ್ಲೂ ಆದಂತಿಲ್ಲ. ನಮ್ಮ ವರ್ಗದವರು ಹೇಳಿಕೊಳ್ಳಲಿಕ್ಕೆ ಇದೊಂದಿದೆ. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಬಂತು. ಅಡುಗೆಯವನ ಹೆಸರು ಲೋಕಕ್ಕೆ ತಿಳಿಯಲಿಲ್ಲ.

ಅಕ್ಕಿಯ ತೌಡಿನಲ್ಲಿದ್ದು ಪಾಲಿಶ್ ಮಾಡಿದರೆ ಹೋಗಿಬಿಡುವ ಆ ವಸ್ತುವೇ ಥಯಮಿನ್, ಬಿ1. ಅದನ್ನು 1936ರಲ್ಲಿ ಕೃತಕವಾಗಿ ತಯಾರಿಸಿದ ಅಮೆರಿಕದ ರಸಾಯನ ವಿಜ್ಞಾನಿ ರಾಬರ್ಟ್ ವಿಲಿಯಮ್ಸ್ ಹುಟ್ಟಿದ್ದು ನಮ್ಮ ಪಕ್ಕದ ನೆಲ್ಲೂರಿನಲ್ಲಿ, 1886ರಲ್ಲಿ, ಮಿಷನರಿ ತಂದೆತಾಯಿಯ ಮಗನಾಗಿ. ಅಷ್ಟೇ ಅಲ್ಲ. 1918ರಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ಆರಂಭಿಸಿದ ಪ್ರಯೋಗಾಲಯದ ಹೆಸರೇ ಬೆರಿಬೆರಿ ವಿಚಾರಣಾ ಘಟಕ. ಆ ಕೋಣೆ ಬೆಳೆದು ಪೌಷ್ಟಿಕತೆಯ ಸಂಶೋಧನಾಲಯವಾಯಿತು, 1958ರಲ್ಲಿ ಹೈದರಾಬಾದಿಗೆ ಬಂತು, 1969ರಲ್ಲಿ ರಾಷ್ಟ್ರೀಯ ಪೋಷಣ ಸಂಸ್ಥೆ ಎಂಬ ಹೆಸರು ಪಡೆಯಿತು. ತಾರ್ನಾಕದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಮಗ್ಗುಲಿಗಿರುವ ಅದರ ಗೇಟಿನ ಮುಂದೆ ನಾವು ಎಷ್ಟೋ ಸಲ ಬಸ್ಸಿನಲ್ಲಿ ಹಾದುಹೋಗಿದ್ದೇವೆ. ಬೆರಿಬೆರಿಯನ್ನು ಹುಡುಕಲೆಂದು ಹುಟ್ಟಿದ ಸಂಸ್ಥೆ ಇರುವ ಊರಿನಲ್ಲಿಯೇ ನಾವು ನಮ್ಮ ಭಾವನವರಿಗೆ ಕೈಯಾರೆ ಬೆರಿಬೆರಿ ತಂದುಕೊಟ್ಟೆವು.

ಕೂನೂರಿನ ಸಂಸ್ಥೆಯನ್ನು 1935ರಿಂದ ಹತ್ತು ವರ್ಷ ನಡೆಸಿದ ಆಕ್ರಾಯ್ಡ್ ಅವರ ಕಾಲದಲ್ಲಿ ಕಂಡ ಒಂದು ಸಂಗತಿ ಕನ್ನಡಿಗರಿಗೆ ರುಚಿಸೀತು. ಆಗಿನ ಮದರಾಸು ಪ್ರಾಂತ್ಯದಲ್ಲಿ ಬೆರಿಬೆರಿ ಎಲ್ಲ ಕಡೆ ಇರಲಿಲ್ಲ. ಗಿರಣಿಯಲ್ಲಿ ಬಿಳುಪು ಮಾಡಿದ ಬೆಳ್ತಿಗೆ ಅಕ್ಕಿ ಉಣ್ಣುವ ಆಂಧ್ರದ ಉತ್ತರ ಕರಾವಳಿ ಅದರ ನೆಲೆ. ಕುಸುಬಲಕ್ಕಿ ಉಣ್ಣುವ ಕಡೆ ಅದು ಸುಳಿಯುತ್ತಿರಲಿಲ್ಲ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ತೌಡಿನ ಥಯಮಿನ್ ಅಕ್ಕಿಯ ಒಳಕ್ಕೆ ಇಳಿಯುತ್ತದೆ, ಆಮೇಲೆ ಎಷ್ಟು ಪಾಲಿಶ್ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಮಂಗಳೂರು, ಕಾಸರಗೋಡಿನ ಅಜ್ಜಿಯರ ಕುಸುಬಲಕ್ಕಿ ಗಂಜಿಯನ್ನು ಒರಟು ಊಟವೆಂದು ನಗುತ್ತಿದ್ದ ನಾವು ಭಾವನವರಿಗೆ ಕೊಟ್ಟದ್ದು ಸಣ್ಣಕ್ಕಿಯ ತಿಳಿ.

ಗ್ಲೂಕೋಸಿನ ವಿಷಯ ಇನ್ನೂ ಕೆಟ್ಟದ್ದು. ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಮೈಗೆ ಥಯಮಿನ್ ಬೇಕು. ಇರುವ ಚೂರುಪಾರನ್ನೂ ಗ್ಲೂಕೋಸ್ ಬಳಸಿ ಮುಗಿಸುತ್ತದೆ. ಮೈಯಲ್ಲಿರುವ ಒಟ್ಟು ದಾಸ್ತಾನು 30 ಮಿಲಿಗ್ರಾಮಿನ ಆಸುಪಾಸು, ಎರಡು ಮೂರು ವಾರಕ್ಕೆ ಸಾಕು. ವಾಂತಿಯಾಗುತ್ತಿದ್ದರೆ ಅದೂ ಇಲ್ಲ. ಈ ಮಿದುಳಿನ ಬೇನೆಯನ್ನು ಬರ್ಲಿನ್ನಿನ ಕಾರ್ಲ್ ವೆರ್ನಿಕೆ 1881ರಲ್ಲಿ ಮೊದಲು ವಿವರಿಸಿದ. ಅವನು ನೋಡಿದ ಮೂವರಲ್ಲಿ ಇಬ್ಬರು ಕುಡುಕರು. ಮೂರನೆಯವಳು ಗಂಧಕಾಮ್ಲ ಕುಡಿದು ಜಠರದ ಬಾಯಿ ಕಟ್ಟಿ, ವಾರಗಟ್ಟಲೆ ವಾಂತಿ ಮಾಡಿಕೊಂಡ ಒಬ್ಬ ಎಳೆಯ ಹೆಂಗಸು. ಅದೇ 1881ರ ಜನವರಿಯಲ್ಲಿ ವಿಯೆನ್ನಾದಲ್ಲಿ ಬಿಲ್‌ರೋತ್ ಜಠರದ ಒಂದು ಭಾಗವನ್ನು ಯಶಸ್ವಿಯಾಗಿ ಕತ್ತರಿಸಿ ತೆಗೆದಿದ್ದ. ಜಠರಕ್ಕೆ ಕೈ ಹಾಕಿದ ವರ್ಷವೇ ಜಠರ ಕೆಟ್ಟರೆ ಮಿದುಳು ಕೆಡುತ್ತದೆಂಬ ಪುರಾವೆಯೂ ದಾಖಲಾಗಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲು ವೈದ್ಯಲೋಕಕ್ಕೆ ಬಹಳ ಕಾಲ ಹಿಡಿಯಿತು.

ಥಯಮಿನ್ ದಿನಗೂಲಿಯಾದರೆ ಬಿ12 ಬ್ಯಾಂಕಿನ ಠೇವಣಿ. ಯಕೃತ್ತಿನಲ್ಲಿ ಅದು ವರ್ಷಗಟ್ಟಲೆ ಕರಗದೆ ಇರುತ್ತದೆ. ಆದ್ದರಿಂದಲೇ ಅದು ಹೆಚ್ಚು ಮೋಸ ಮಾಡುತ್ತದೆ: ಶಸ್ತ್ರಚಿಕಿತ್ಸೆಯಾಗಿ ಎರಡು, ಮೂರು, ಕೆಲವೊಮ್ಮೆ ಐದು ವರ್ಷ ಎಲ್ಲ ನೆಟ್ಟಗಿರುತ್ತದೆ, ಇನ್ನು ಇಂಜೆಕ್ಷನ್ ಏಕೆಂದು ಬಿಟ್ಟ ಮೇಲೆ ಒಂದು ದಿನ ಪಾದ ಜೋಮು ಹಿಡಿಯುತ್ತದೆ. ಇದರ ಹಿಂದಿನ ರೋಗ ಒಂದು ಕಾಲಕ್ಕೆ ಬಂದವರನ್ನು ಬಿಡದೆ ಕೊಲ್ಲುತ್ತಿದ್ದ ರಕ್ತಹೀನತೆ. 1926ರಲ್ಲಿ ಬಾಸ್ಟನ್ನಿನ ಮೈನಾಟ್ ಮತ್ತು ಮರ್ಫಿ ರೋಗಿಗಳಿಗೆ ದಿನವೂ ಅರ್ಧ ಪೌಂಡಿನಷ್ಟು ಯಕೃತ್ತು ತಿನ್ನಿಸಿ ಬದುಕಿಸಿದರು. ಅದೇ ಊರಿನ ವಿಲಿಯಂ ಕ್ಯಾಸಲ್ ಎಂಬ ಯುವ ವೈದ್ಯನಿಗೆ ಬೇರೆಯೇ ಪ್ರಶ್ನೆ ಹುಟ್ಟಿತು: ಆರೋಗ್ಯವಂತರಾದ ನಮಗೆ ಅಷ್ಟೊಂದು ಯಕೃತ್ತು ಏಕೆ ಬೇಡ? ಅವನು ತಾನೇ ಬೆಳಗ್ಗೆ ಮಾಂಸ ತಿಂದು, ಒಂದು ತಾಸಿನ ಮೇಲೆ ಅದನ್ನು ಹೊರಗೆ ಕಕ್ಕಿ, ಆ ಜಠರರಸ ಬೆರೆತ ಮಾಂಸವನ್ನು ನಳಿಗೆಯ ಮೂಲಕ ರೋಗಿಗಳಿಗೆ ಕೊಟ್ಟ. ಓದುಗರು ಮುಖ ಸಿಂಡರಿಸಬೇಡಿ, ರೋಗಿಗಳು ಚೇತರಿಸಿಕೊಂಡರು. ಬರಿಯ ಮಾಂಸ ಕೊಟ್ಟಾಗ ಚೇತರಿಸಿಕೊಳ್ಳಲಿಲ್ಲ. 1929ರಲ್ಲಿ ಪ್ರಕಟವಾದ ಈ ಪ್ರಯೋಗದಿಂದ ತಿಳಿದದ್ದೇನೆಂದರೆ, ಅನ್ನದಲ್ಲಿರುವ ಬಿ12ನ್ನು ಕೈಹಿಡಿದು ಕರುಳಿನ ಕೊನೆಯವರೆಗೆ ಕರೆದೊಯ್ಯುವ ಒಬ್ಬ ಜೊತೆಗಾರ ಜಠರದಲ್ಲಿ ಹುಟ್ಟುತ್ತಾನೆ. ಬೈಪಾಸಿನಲ್ಲಿ ಆ ಜೊತೆಗಾರನ ಮನೆಯೇ ದಾರಿಯಿಂದ ದೂರವಾಗುತ್ತದೆ. ಬಿ12 ಸ್ಫಟಿಕವಾಗಿ ದೊರೆತದ್ದು 1948ರಲ್ಲಿ. ಇಂಜೆಕ್ಷನ್ ಜಠರವನ್ನು ಬಿಟ್ಟು ನೇರವಾಗಿ ಮೈ ಸೇರುತ್ತದೆಂಬುದೇ ಅದರ ಅನುಕೂಲ.

ನಮ್ಮಂಥ ಶಾಕಾಹಾರಿ ಮನೆಗಳಿಗೆ ಇಲ್ಲೊಂದು ಹೆಚ್ಚಿನ ತೊಡಕಿದೆ. ಬಿ12 ಗಿಡದಲ್ಲಿ ಹುಟ್ಟುವುದಿಲ್ಲ. ನಮಗೆ ಹಾಲು, ಮೊಸರಿನಿಂದ ಬಂದಷ್ಟೇ. ಅಂದರೆ ಶಸ್ತ್ರಚಿಕಿತ್ಸೆಗೆ ಮೊದಲೇ ಠೇವಣಿ ತೆಳುವಾಗಿರುವ ಸಾಧ್ಯತೆ ಹೆಚ್ಚು. ಮತ್ತೊಂದು ಎಚ್ಚರ ಫೋಲಿಕ್ ಆಮ್ಲದ್ದು. ಅದರ ಕತೆಯೂ ಇಲ್ಲಿನದೇ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಯನ್ನು ಅಗ್ಗದ ಮಾರ್ಮೈಟಿನಿಂದ, ಅಂದರೆ ಈಸ್ಟಿನ ಸಾರದಿಂದ, ಗುಣಪಡಿಸಿದರು. ಆ ಸಾರದಲ್ಲಿದ್ದ ವಸ್ತುವೇ ಮುಂದೆ ಫೋಲಿಕ್ ಆಮ್ಲವೆನಿಸಿತು. ಅದನ್ನು 1940ರ ದಶಕದಲ್ಲಿ ತಯಾರಿಸಿದ ಅಮೆರಿಕದ ತಂಡದ ಮುಂದಾಳು ಭೀಮಾವರದ ಯಲ್ಲಾಪ್ರಗಡ ಸುಬ್ಬರಾವ್. ಆದರೆ ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲವನ್ನಷ್ಟೇ ಕೊಟ್ಟರೆ ರಕ್ತದ ವರದಿ ಚೆನ್ನಾಗಿ ಕಾಣುತ್ತದೆ, ನರಗಳು ಮಾತ್ರ ಒಳಗೊಳಗೇ ಹಾಳಾಗುತ್ತಿರುತ್ತವೆ. ಹಿಮೋಗ್ಲೋಬಿನ್ ಹದಿಮೂರಿದೆ, ಮತ್ತೇಕೆ ಪರೀಕ್ಷೆ ಎಂದು ಕೇಳುವ ಹಿರಿಯರಿಗೆ ಹೇಳಬೇಕಾದ ಮಾತು ಇದು.

ಮಲ್ಟಿವಿಟಮಿನ್ ಡಬ್ಬಿಯ ಸಣ್ಣಕ್ಷರಗಳಲ್ಲಿ ನಿಯಾಸಿನಮೈಡ್ ಎಂಬ ಹೆಸರೊಂದಿದೆ. ಬೈಪಾಸ್ ಆದವರಲ್ಲಿ ಅದರ ಕೊರತೆ ಅಪರೂಪ. ಆದರೂ ಅದನ್ನು ದಾಟಿ ಮುಂದೆ ಹೋಗಲು ನಮಗೆ ಮನಸ್ಸಾಗುತ್ತಿಲ್ಲ, ಏಕೆಂದರೆ ಅದು ನಮ್ಮ ರೊಟ್ಟಿಯ ಕತೆ. ನಿಯಾಸಿನ್ ಕೊರತೆಯ ರೋಗ ಪೆಲ್ಲಾಗ್ರ. ಬಿಸಿಲಿಗೆ ಬೀಳುವ ಚರ್ಮವೆಲ್ಲ ಕಪ್ಪಾಗಿ ಸುಲಿಯುತ್ತದೆ, ಕೊರಳ ಸುತ್ತ ಕರಿಮಣಿಯಂತೆ ಪಟ್ಟಿ ಮೂಡುತ್ತದೆ, ಭೇದಿಯಾಗುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ಯೂರೋಪು, ಅಮೆರಿಕಗಳಲ್ಲಿ ಇದು ಮೆಕ್ಕೆಜೋಳ ತಿನ್ನುವ ಬಡವರ ರೋಗ. ಹೈದರಾಬಾದಿನ ಆಸ್ಪತ್ರೆಗಳಿಗೆ ಪೆಲ್ಲಾಗ್ರ ಹೊತ್ತು ಬರುತ್ತಿದ್ದವರು ಮೆಕ್ಕೆಜೋಳ ತಿನ್ನುವವರಲ್ಲ, ಬಿಳಿಜೋಳ ಉಣ್ಣುವವರು. ದಖನ್ನಿನ ಬಡ ರೈತರು, ಕೂಲಿಕಾರರು. 1960ರಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವಾದ ಮಂಡಿಸಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೆಚ್ಚು, ಅದು ಮೈಯಲ್ಲಿ ನಿಯಾಸಿನ್ ತಯಾರಾಗುವುದನ್ನು ಕೆಡಿಸುತ್ತದೆ ಎಂದು. ಮುಂದಿನ ಪ್ರಯೋಗಗಳಲ್ಲಿ ಅವರ ಜೊತೆಗೆ ಭವಾನಿ ಬೆಳವಾಡಿ ಎಂಬ ಹೆಸರು ಕಾಣುತ್ತದೆ. ಹೊರನಾಡಿನಲ್ಲಿರುವ ಕನ್ನಡದ ಕಿವಿಗೆ ಇಂಥ ಹೆಸರು ಸಿಕ್ಕರೆ ಆಗುವ ಸಂತೋಷವನ್ನು ಬಿಡಿಸಿ ಹೇಳಬೇಕಿಲ್ಲ. ಶ್ರೀಕಂಠಯ್ಯನವರು ಆ ಸಂಸ್ಥೆಯ ನಿರ್ದೇಶಕರಾಗಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪೋಷಣಶಾಸ್ತ್ರದ ಕೆಲಸ ಮಾಡಿದರು. ಗೋಪಾಲನ್ ಹುಟ್ಟಿದ್ದು ಬೆರಿಬೆರಿ ಘಟಕ ಹುಟ್ಟಿದ 1918ರಲ್ಲೇ. 2019ರಲ್ಲಿ, ನೂರು ವರ್ಷ ಬಾಳಿ ತೀರಿಕೊಂಡರು.

ಲ್ಯೂಸಿನ್ ವಾದವನ್ನು ಎಲ್ಲ ವಿಜ್ಞಾನಿಗಳೂ ಒಪ್ಪಿಲ್ಲ. ಪೆಲ್ಲಾಗ್ರ ಮಾತ್ರ ವಾದ ಮುಗಿಯುವವರೆಗೆ ಕಾಯಲಿಲ್ಲ. 1983ರಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಕಿಲೋಗೆ 2 ರೂಪಾಯಿಯ ಅಕ್ಕಿ ತಂದಿತು. ತೆಲಂಗಾಣದ ತಟ್ಟೆಯಿಂದ ಜೋಳ ಸರಿಯಿತು, ಕೊರಳ ಕಪ್ಪುಪಟ್ಟಿಯೂ ಮರೆಯಾಗುತ್ತ ಬಂತು. ಆ ಅಕ್ಕಿ ಬಿಳಿಯಕ್ಕಿಯೇ. ಜೋಳದ ರೋಗ ಹೋಯಿತು. ಸಕ್ಕರೆ ಕಾಯಿಲೆ, ಬೊಜ್ಜು ಬಂದವು. ಅಕ್ಕಿಯೊಂದೇ ಕಾರಣವೆಂದು ನಾವು ಹೇಳುತ್ತಿಲ್ಲ, ಎಣ್ಣೆ, ಸಕ್ಕರೆ, ಕುಳಿತು ಮಾಡುವ ಕೆಲಸ, ರಾತ್ರಿಪಾಳಿ ಎಲ್ಲಕ್ಕೂ ಪಾಲಿದೆ. ಆದರೂ ಬೀದರಿನ ರೊಟ್ಟಿ ತಿಂದು ಬೆಳೆದ ಭಾವನವರು ಪಟಾನ್‌ಚೆರುವಿನ ಕ್ಯಾಂಟೀನಿನ ಅನ್ನದಲ್ಲಿ ದಪ್ಪಗಾದದ್ದನ್ನು ನಾವೇ ನೋಡಿದ್ದೇವೆ. 1956ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಇದೇ ಹೈದರಾಬಾದ್ ರಾಜ್ಯದವು. ಗಡಿ ಬಂತು, ರೊಟ್ಟಿಗೆ ಗಡಿ ಇರಲಿಲ್ಲ.

ಇನ್ನು ಕಬ್ಬಿಣ, ಕ್ಯಾಲ್ಸಿಯಂ. ಎರಡೂ ಹೆಚ್ಚಾಗಿ ಹೀರಲ್ಪಡುವುದು ಸಣ್ಣ ಕರುಳಿನ ಆರಂಭದಲ್ಲಿ, ಅಂದರೆ ಬೈಪಾಸ್ ತಪ್ಪಿಸುವ ಹಾದಿಯಲ್ಲಿ. ಪುಟ್ಟ ಚೀಲದಲ್ಲಿ ಆಮ್ಲ ಕಡಿಮೆಯಾದ್ದರಿಂದ ಕ್ಯಾಲ್ಸಿಯಂ ಕಾರ್ಬನೇಟಿಗಿಂತ ಸಿಟ್ರೇಟ್ ಒಳ್ಳೆಯದೆನ್ನುತ್ತಾರೆ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ, ಅದೂ ಒಂದೇ ಸಲಕ್ಕಲ್ಲ. ರಾಗಿಯಲ್ಲಿ ನೂರು ಗ್ರಾಮಿಗೆ 340 ಮಿಲಿಗ್ರಾಮಿಗೂ ಮೀರಿ ಕ್ಯಾಲ್ಸಿಯಂ ಇದೆಯೆಂದು ಪೋಷಣ ಸಂಸ್ಥೆಯ ಪಟ್ಟಿಯೇ ಹೇಳುತ್ತದೆ. ಹಾಗೆಂದು ಮಾತ್ರೆ ಬಿಟ್ಟು ರಾಗಿಮುದ್ದೆಗೆ ಹೊರಡಬಾರದು. ಹೊಟ್ಟೆಗೆ ಹಿಡಿಯುವುದೇ ನಾಲ್ಕು ಚಮಚ, ಜೊತೆಗೆ ಧಾನ್ಯದ ಫೈಟೇಟ್ ಸ್ವಲ್ಪವನ್ನು ಕಟ್ಟಿಹಾಕುತ್ತದೆ. ಅಕ್ಕನ ಮನೆಗೆ ಹೋಗುವ ದಾರಿಯಲ್ಲೇ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆಯ ಹೊಲಗಳಿವೆ; ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಅಲ್ಲಿನ ಬೆಳೆಗಳು. ಕಬ್ಬಿಣ ಹೆಚ್ಚಿರುವ ‘ಧನಶಕ್ತಿ’ ಎಂಬ ಸಜ್ಜೆ ತಳಿ ಅಲ್ಲಿನ ಕೆಲಸದಿಂದ ಬಂದದ್ದು, 2012ರಲ್ಲಿ ಮಹಾರಾಷ್ಟ್ರದಲ್ಲಿ ಬಿಡುಗಡೆಯಾಯಿತು. ಬಡವರ ರಕ್ತಹೀನತೆಗಾಗಿ ಕಾಳಿನೊಳಕ್ಕೇ ಕಬ್ಬಿಣ ತುಂಬುವ ಸಾಹಸ ಆ ಬೇಲಿಯ ಒಳಗೆ. ಬೇಲಿಯ ಹೊರಗೆ, ಒಂದೆರಡು ಮೈಲಿ ದೂರದ ಫ್ಲ್ಯಾಟಿನಲ್ಲಿ, ಕಬ್ಬಿಣ ಹೀರುವ ಕರುಳನ್ನೇ ಬದಿಗಿಟ್ಟ ನಮ್ಮ ಭಾವನವರು.

ಶಸ್ತ್ರಚಿಕಿತ್ಸೆಯೇ ತಪ್ಪೆಂದು ನಾವು ಹೇಳುವುದಿಲ್ಲ. ಅವರ ಇನ್ಸುಲಿನ್ ನಿಂತಿದೆ, ತೂಕ 84ಕ್ಕೆ ಬಂದಿದೆ, ಮೂರನೆಯ ಮಹಡಿಗೆ ಮೆಟ್ಟಿಲು ಹತ್ತುತ್ತಾರೆ. ನಮಗೆ ಸಿಟ್ಟಿರುವುದು ಆಪರೇಷನ್ ಆದ ದಿನವೇ ಕೆಲಸ ಮುಗಿಯಿತೆಂದುಕೊಂಡ ನಮ್ಮ ಮೇಲೆ. ಮೊದಲ ವರ್ಷ ಮೂರು, ಆರು, ಹನ್ನೆರಡನೆಯ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆಯಾಗಬೇಕು. ಈ ಕಡತ ಎಂದಿಗೂ ಮುಕ್ತಾಯವಾಗುವುದಿಲ್ಲ. ಪ್ರಮಾಣಗಳನ್ನು ಅವರವರ ವೈದ್ಯರೇ ಹೇಳಬೇಕು, ಅಕ್ಕನ ಚೀಟಿ ನೋಡಿ ಯಾರೂ ಮಾತ್ರೆ ಕೊಳ್ಳಬಾರದು. ನಾವಿಲ್ಲಿ ಧೈರ್ಯವಾಗಿ ಹೇಳಬಹುದಾದದ್ದು ಒಂದೇ: ಇಂಥ ಶಸ್ತ್ರಚಿಕಿತ್ಸೆಯಾದವರಿಗೆ ವಾಂತಿ ನಿಲ್ಲದಿದ್ದರೆ ಗಂಜಿ ಕಾಯಿಸುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ, ಶಸ್ತ್ರಚಿಕಿತ್ಸೆಯಾಗಿದೆ ಎಂಬುದನ್ನು ಮೊದಲು ಹೇಳಿ.

ಭಾವನವರಿಗೆ ಎರಡಾಗಿ ಕಾಣುವುದು ಮೂರು ದಿನದಲ್ಲಿ ನಿಂತಿತು. ನಡಿಗೆ ನೆಟ್ಟಗಾಗಲು ನಾಲ್ಕು ತಿಂಗಳು ಹಿಡಿಯಿತು. ಎಡಗಾಲಿನ ಎರಡು ಬೆರಳಿಗೆ ಇಂದಿಗೂ ಸ್ಪರ್ಶ ಸರಿಯಾಗಿಲ್ಲ. ಮೊನ್ನೆ ಭಾನುವಾರ ಹೋದಾಗ ಅಕ್ಕ ತೊಗರಿಬೇಳೆ, ಮೊಸರು, ಅರ್ಧ ಜೋಳದ ರೊಟ್ಟಿ ಚಿಕ್ಕ ತಟ್ಟೆಯಲ್ಲಿಟ್ಟು ತಂದಳು. ಅವರು ಒಂದೊಂದು ತುತ್ತನ್ನೂ ಎಣಿಸಿದಂತೆ ಅಗಿದು, ಇಪ್ಪತ್ತೈದು ನಿಮಿಷದಲ್ಲಿ ಊಟ ಮುಗಿಸಿ, ಫ್ರಿಜ್ಜಿನ ಮುಂದೆ ನಿಂತು ಚೀಟಿ ನೋಡಿದರು. ಕಬ್ಬಿಣ ನುಂಗಿ ಇನ್ನೂ ಒಂದೇ ತಾಸಾಗಿತ್ತು. ಕ್ಯಾಲ್ಸಿಯಂ ಡಬ್ಬಿಯನ್ನು ತೆಗೆದವರು ಮತ್ತೆ ಅಲ್ಲೇ ಇಟ್ಟರು.